ಕಿನ್ಶಾಸಾಕ್ಕೆ ಇಳಿಯುವ ನೀರು

ಕಾಂಗೋದ ಕ್ವಿಲು ಪ್ರಾಂತ್ಯದ ನಕ್ಷೆ ಬಿಡಿಸಿದರೆ ಮೊದಲು ಕಾಣುವುದು ನದಿಗಳು. ಕ್ವಾಂಗೊ, ವಾಂಬಾ, ಕ್ವಿಲು, ಲೊವಾಂಗೆ, ಕಸಾಯಿ. ಅಂಗೋಲಾದ ಕಡೆಯಿಂದ ಒಂದರ ಪಕ್ಕ ಒಂದು ಉತ್ತರಕ್ಕೆ ಹರಿಯುತ್ತವೆ. ಕ್ವಿಲು ಹೋಗಿ ಕ್ವಾಂಗೊ ಸೇರುತ್ತದೆ, ಕ್ವಾಂಗೊ ಕಸಾಯಿಯನ್ನು, ಕಸಾಯಿ ಕಾಂಗೋ ಮಹಾನದಿಯನ್ನು. ಅಲ್ಲಿಂದ ಎಲ್ಲ ನೀರೂ ರಾಜಧಾನಿ ಕಿನ್ಶಾಸಾದ ಮುಂದೆ ಹಾದು ಅಟ್ಲಾಂಟಿಕ್ ಕಡೆಗೆ ಹೋಗುತ್ತದೆ. ಹೀಗೆ ಇಳಿದುಹೋಗುವುದು ಇಲ್ಲಿ ನೀರಿಗೆ ಮಾತ್ರ ಬಂದ ಅಭ್ಯಾಸವಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಈ ನಾಡಿನ ಎಣ್ಣೆ, ಗೆಣಸು, ಜನ, ಕೊನೆಗೆ ರಕ್ತ ಕೂಡ ಅದೇ ದಾರಿ ಹಿಡಿದಿವೆ.

ನದಿಗಳ ನಡುವಿನ ನೆಲ ಎತ್ತರದ ಬಯಲು. ಕಲಹಾರಿ ಮರಳು ಇಲ್ಲಿಯವರೆಗೂ ಹಬ್ಬಿದೆ. ಮಳೆ ಧಾರಾಳ, ಆದರೆ ಬಿದ್ದ ನೀರು ಮರಳಿನೊಳಗೆ ಇಂಗಿ ಮಾಯವಾಗುತ್ತದೆ. ಹಾಗಾಗಿ ಮೇಲೆ ಹುಲ್ಲು, ಅಲ್ಲೊಂದು ಇಲ್ಲೊಂದು ಕುಳ್ಳು ಮರ. ಕೆಳಗೆ ಕಣಿವೆಯ ತೊರೆಯ ಇಕ್ಕೆಲದಲ್ಲಿ ಮಾತ್ರ ದಟ್ಟ ಕಾಡಿನ ಪಟ್ಟಿ. ಊರು ಮೇಲೆ, ನೀರು ಕೆಳಗೆ. ಇವೆರಡರ ನಡುವಿನ ಏರು ಹೆಂಗಸರ ಕಾಲಿಗೆ ಸೇರಿದ್ದು. ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದು ನೋಡಿದರೂ ಬಿಂದಿಗೆಯ ಜಾಗಕ್ಕೆ ಬಂದಿರುವ ಹಳದಿ ಪ್ಲಾಸ್ಟಿಕ್ ಕ್ಯಾನು ತಲೆಯ ಮೇಲಿಟ್ಟುಕೊಂಡು ಹುಡುಗಿಯರು ಆಗಲೇ ಮೇಲೆ ಬರುತ್ತಿರುತ್ತಾರೆ.

2015ರಲ್ಲಿ ಹಳೆಯ ಬಂದುಂದು ಪ್ರಾಂತ್ಯವನ್ನು ಮೂರು ಮಾಡಿದಾಗ ಕ್ವಿಲು ಬೇರೆಯಾಯಿತು. ಸುಮಾರು 78,000 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲಿ ಎರಡು ಪಾಲು. ಉತ್ತರದ ಮೂಲೆಯಲ್ಲಿರುವ ಬಂದುಂದು ಕಾಗದದ ಮೇಲೆ ರಾಜಧಾನಿ. ದೊಡ್ಡ ಪೇಟೆ, ದೊಡ್ಡ ಆಸ್ಪತ್ರೆ, ದೊಡ್ಡ ಗದ್ದಲ ಎಲ್ಲ ಇರುವುದು ಕ್ವಿಲು ನದಿಯ ದಂಡೆಯ ಕಿಕ್ವಿಟ್‌ನಲ್ಲಿ.

ಕಿನ್ಶಾಸಾದಿಂದ ಕಿಕ್ವಿಟ್‌ಗೆ ಐನೂರು ಕಿಲೋಮೀಟರಿಗೆ ಮೇಲಿರುವ ಡಾಂಬರು ರಸ್ತೆ, ರಾಷ್ಟ್ರೀಯ ಹೆದ್ದಾರಿ ಒಂದು. ನದಿಗಳೆಲ್ಲ ಉತ್ತರಕ್ಕೆ, ರಸ್ತೆ ಪೂರ್ವಕ್ಕೆ. ಆದ್ದರಿಂದ ಪ್ರಯಾಣವೆಂದರೆ ಬಯಲು, ಇಳಿಜಾರು, ಸೇತುವೆ, ಏರು, ಮತ್ತೆ ಬಯಲು. ಕ್ವಾಂಗೊ ದಾಟಿ ಕೆಂಗೆ, ಮುಂದೆ ಮಾಸಿ–ಮನಿಂಬಾ. ಮಳೆಗಾಲ ಮುಗಿಯುತ್ತಿದ್ದ ಮೇ ತಿಂಗಳು ನಾನು ಹೋದದ್ದು. ಎದುರಿಗೆ ಬರುವ ಲಾರಿಗಳನ್ನು ನೋಡುತ್ತ ಕೂರುವುದೇ ಒಂದು ಕೆಲಸವಾಗಿತ್ತು. ಒಣಗಿಸಿದ ಮರಗೆಣಸಿನ ಮೂಟೆ, ಅದರ ಮೇಲೆ ಇದ್ದಿಲ ಮೂಟೆ, ಪಕ್ಕಕ್ಕೆ ಕಟ್ಟಿದ ತಾಳೆ ಎಣ್ಣೆಯ ಕ್ಯಾನುಗಳು, ತಲೆಕೆಳಗಾಗಿ ತೂಗುವ ಕೋಳಿಗಳು, ಒಂದೆರಡು ಆಡು, ಎಲ್ಲದರ ಮೇಲೆ ಮೂವತ್ತು ನಲವತ್ತು ಜನ. ಕಿನ್ಶಾಸಾದ ಕಡೆಗೆ ಹೋಗುವ ಲಾರಿಯ ಸ್ಪ್ರಿಂಗ್ ನೆಲಕ್ಕೆ ತಾಗುವಂತಿರುತ್ತದೆ. ಅಲ್ಲಿಂದ ಬರುವ ಲಾರಿಯಲ್ಲಿ ಬಿಯರ್ ಕ್ರೇಟು, ಸಿಮೆಂಟು, ಸೋಪು, ಹಳೆ ಬಟ್ಟೆಯ ಗಂಟು. ನಮ್ಮ ಚಾಲಕ ಕಿಕ್ವಿಟ್‌ನವನೇ. ‘ಊರಿಗೆ ಹೋಗುವ ಗಾಡಿ ಯಾವಾಗಲೂ ಹಗುರ, ಪಾಪಾ’ ಎಂದ. ವಯಸ್ಸಾದವರನ್ನೆಲ್ಲ ಇಲ್ಲಿ ಪಾಪಾ, ಮಾಮಾ ಎಂದೇ ಕರೆಯುತ್ತಾರೆ. ನನ್ನ ನರೆಗೂದಲಿಗೆ ಆ ಗೌರವ ಮೊದಲ ದಿನವೇ ಸಿಕ್ಕಿತು.

ನಾನು ಹೋಗಿಬಂದ ಮೇಲೆ, 2022ರಲ್ಲಿ, ನೆರೆಯ ಪ್ರಾಂತ್ಯದ ಕ್ವಾಮೌತ್ ಕಡೆ ತೆಕೆ ಮತ್ತು ಯಾಕಾ ಜನರ ನಡುವೆ ನೆಲದ ಕಂದಾಯದ ಜಗಳ ಹೊತ್ತಿ, ಹಿಂಸೆ ಈ ಪ್ರಾಂತ್ಯದ ಉತ್ತರದ ಬಗಾತಾವರೆಗೂ ಹಬ್ಬಿತು. ಈಗ ಅದೇ ರಸ್ತೆಯಲ್ಲಿ ಅಷ್ಟು ನಿರಾಳವಾಗಿ ಹೋಗುತ್ತಿದ್ದೆನೇ ಎಂದು ಕೇಳಿದರೆ, ಇಲ್ಲ.

ದಾರಿಯ ಹಳ್ಳಿಗಳಲ್ಲಿ ಮೊದಲು ಬರುವುದು ವಾಸನೆ, ಆಮೇಲೆ ಊರು. ಹುಳಿ ಹಿಡಿದ, ಮೂಗಿಗೆ ಚುಚ್ಚುವ ವಾಸನೆ. ತೊರೆಯ ಪಕ್ಕದ ಗುಂಡಿಗಳಲ್ಲಿ ಮರಗೆಣಸು ನೆನೆಯುತ್ತಿರುತ್ತದೆ. ಇಲ್ಲಿಯ ಮರಳಿಗೆ ಒಗ್ಗುವುದು ಕಹಿ ತಳಿಯ ಗೆಣಸು. ಗೊಬ್ಬರ ಬೇಡ, ಹಂದಿ ಇಲಿ ಮುಟ್ಟುವುದಿಲ್ಲ, ನೆಲದೊಳಗೇ ವರ್ಷಗಟ್ಟಲೆ ಬಿಟ್ಟರೂ ಕೆಡುವುದಿಲ್ಲ. ಮುಟ್ಟದಿರುವುದಕ್ಕೆ ಕಾರಣ ಅದರಲ್ಲಿರುವ ಸಯನೈಡ್ ಅಂಶ. ಮೂರು ನಾಲ್ಕು ದಿನ ನೀರಲ್ಲಿ ನೆನೆಸಿ ಹುಳಿಯಲು ಬಿಟ್ಟರೆ ವಿಷ ಬಿಟ್ಟುಹೋಗುತ್ತದೆ, ಗೆಣಸು ಮೆತ್ತಗಾಗುತ್ತದೆ. ಸಿಪ್ಪೆ ತೆಗೆದು, ಬಿಸಿಲಿಗೆ ಒಣಗಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದರೆ ಸುಣ್ಣದಷ್ಟು ಬಿಳಿಯ ಹಿಟ್ಟು. ಕುದಿನೀರಿಗೆ ಹಾಕಿ ತೊಳಸಿದರೆ ಲುಕು, ದಿನದ ಮುದ್ದೆ. ಜೊತೆಗೆ ಅದೇ ಗಿಡದ ಎಲೆ ಕುಟ್ಟಿ ತಾಳೆ ಎಣ್ಣೆಯಲ್ಲಿ ಬೇಯಿಸಿದ ಸಾಕಾ–ಸಾಕಾ. ಕಂಬಳಿಹುಳುವಿನ ಕಾಲವಾದರೆ ಮೆಣಸಿನಕಾಯಿ ಹಾಕಿ ಹುರಿದ ಹುಳು. ಬೇರು, ಎಲೆ ಎರಡೂ ಒಂದೇ ಗಿಡದ್ದು. ಇಷ್ಟು ಬಡ ನೆಲದಲ್ಲಿ ಇಷ್ಟು ಜನ ಬದುಕಿರುವುದು ಈ ಗಿಡದಿಂದ. ಅದೂ ಈ ನೆಲದ್ದಲ್ಲ, ಪೋರ್ಚುಗೀಸರ ಹಡಗಿನಲ್ಲಿ ದಕ್ಷಿಣ ಅಮೆರಿಕದಿಂದ ಬಂದದ್ದು.

ಮಾಸಿ–ಮನಿಂಬಾ ಆಚೆಯ ಹಳ್ಳಿಯೊಂದರಲ್ಲಿ ರಸ್ತೆ ಬದಿಯಲ್ಲಿ ಗೆಣಸು ಹರಡುತ್ತಿದ್ದ ಒಬ್ಬ ಮಾಮಾಳನ್ನು ಎಷ್ಟು ದಿನ ನೆನೆಸುತ್ತೀರಿ ಎಂದು ಚಾಲಕನ ಮೂಲಕ ಕೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ. ‘ಮನೆಗೆ ಮೂರು ರಾತ್ರಿ. ಮಾರುವುದಕ್ಕೆ... ಲಾರಿ ಮೂರು ರಾತ್ರಿ ಕಾಯುತ್ತದೆಯೇ?’

ಈ ಮಾತಿನ ಹಿಂದೆ ಒಂದು ಕಾಯಿಲೆಯ ಇತಿಹಾಸವಿದೆ. ಅದರ ಹೆಸರು ಕೊಂಜೊ. ಇದ್ದಕ್ಕಿದ್ದಂತೆ ಒಂದು ದಿನ ಎರಡೂ ಕಾಲು ಸೆಟೆದುಕೊಳ್ಳುತ್ತವೆ. ಕಾಯಿಲೆ ಮುಂದಕ್ಕೆ ಬೆಳೆಯುವುದಿಲ್ಲ, ಹೋಗುವುದೂ ಇಲ್ಲ. ಹೆಚ್ಚಾಗಿ ಮಕ್ಕಳಿಗೆ, ಹೆರುವ ವಯಸ್ಸಿನ ಹೆಂಗಸರಿಗೆ. ಪಕ್ಕದ ಕ್ವಾಂಗೊ ಸೀಮೆಯಲ್ಲಿ ಇದನ್ನು ಕಂಡು 1938ರಲ್ಲಿ ಮೊದಲು ಬರೆದವನು ಟ್ರೊಲ್ಲಿ ಎಂಬ ಇಟಾಲಿಯನ್ ವೈದ್ಯ. ಸರಿಯಾಗಿ ನೆನೆಯದ ಗೆಣಸಿನ ಸಯನೈಡ್, ಜೊತೆಗೆ ಮೀನು, ಮಾಂಸ, ಕಾಳು ಯಾವುದೂ ಇಲ್ಲದ ಊಟ, ಎರಡೂ ಸೇರಿದಾಗ ಇದು ಬರುತ್ತದೆ ಎಂದು ಗೊತ್ತಾಗಲು ಮತ್ತೆ ದಶಕಗಳು ಬೇಕಾದವು. ಆಗ ಹೊರಬಿದ್ದ ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ರಾಜಧಾನಿಗೆ ಡಾಂಬರು ರಸ್ತೆ ಆದಮೇಲೆ ಗೆಣಸಿಗೆ ಬೇಡಿಕೆ ಬಂತು, ಲಾರಿಗಳು ಊರ ಬಾಗಿಲಿಗೆ ಬಂದವು, ನೆನೆಸುವ ದಿನಗಳು ಮೂರರಿಂದ ಎರಡು, ಎರಡರಿಂದ ಒಂದು ಆದವು. ಕಿನ್ಶಾಸಾದವರು ಅದೇ ಗೆಣಸು ತಿಂದರೂ ಅವರ ತಟ್ಟೆಯಲ್ಲಿ ಮೀನೂ ಕಾಳೂ ಇರುತ್ತವೆ. ಕಾಲು ಬಿದ್ದುಹೋದದ್ದು ಬೆಳೆದವರ ಮನೆಯಲ್ಲಿ. ರಸ್ತೆ ಬಂದರೆ ಊರು ಉದ್ಧಾರ ಎಂಬ ನಂಬಿಕೆ ನನ್ನದೂ ಆಗಿತ್ತು. ಇಲ್ಲಿ ಅದಕ್ಕೆ ಒಂದು ಷರತ್ತು ಸೇರಿಸಿಕೊಳ್ಳಬೇಕಾಯಿತು. ಹಿಟ್ಟಿಗೆ ನೀರು ಕಲಸಿ ತೆಳ್ಳಗೆ ಹರಡಿ ಬಿಸಿಲಿನಲ್ಲಿ ಎರಡು ತಾಸು ಬಿಟ್ಟರೆ ಉಳಿದ ವಿಷದ ಬಹುಪಾಲೂ ಹಾರಿಹೋಗುತ್ತದೆ ಎಂದು ಈಚಿನ ವರ್ಷಗಳಲ್ಲಿ ಕ್ವಾಂಗೊ ಕಡೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಕಲಿಸುತ್ತಿದ್ದಾರೆ. ಖರ್ಚಿಲ್ಲದ ಉಪಾಯ. ಆ ಎರಡು ತಾಸು ಸಿಗಬೇಕು, ಅಷ್ಟೆ.

ಕಿಕ್ವಿಟ್ ಗುಡ್ಡದ ಮೇಲೆ ಕೂತ ಊರು. ಗುಡ್ಡವೆಂದರೆ ಮರಳು. ಮನೆಗಳ ತಗಡಿನ ಮೇಲೆ ಬಿದ್ದ ಮಳೆ ಒಟ್ಟಾಗಿ ಓಡಿ ಕೊರಕಲು ಕೊರೆಯುತ್ತದೆ. ಈ ವರ್ಷ ಹಿತ್ತಲಿನ ಅಂಚಿಗೆ ಬಂದ ಕೊರಕಲು ಮುಂದಿನ ವರ್ಷ ಅಡುಗೆಮನೆ ನುಂಗುತ್ತದೆ. ಬೀದಿಯೊಂದು ನಡುವೆಯೇ ಮುಗಿದುಹೋಗಿ, ಆಳದಲ್ಲಿ ಒಂದು ಮನೆಯ ಅರ್ಧ ಗೋಡೆ, ನೀಲಿ ಬಣ್ಣ ಇನ್ನೂ ಹಾಗೇ ಇರುವುದನ್ನು ನೋಡಿದೆ. ಅಂಚಿನುದ್ದಕ್ಕೂ ಬಿದಿರು ನೆಟ್ಟಿದ್ದಾರೆ, ಮರಳು ಮೂಟೆ ಒಟ್ಟಿದ್ದಾರೆ. ಬಿದಿರಿನ ಪಕ್ಕದಲ್ಲೇ ಹುಡುಗರು ಚೆಂಡಾಡುತ್ತಿದ್ದರು.

ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿದ್ದರೆ ಅದು 1995ರ ಎಬೋಲಾದಿಂದ. ಆ ವರ್ಷದ ಜನವರಿಯಲ್ಲಿ ಊರಾಚೆಯ ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದ ಒಬ್ಬ ಸತ್ತ. ಅವನ ಮನೆಯವರು ಸತ್ತರು. ಏಪ್ರಿಲ್‌ನಲ್ಲಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಒಬ್ಬ ಪ್ರಯೋಗಾಲಯದ ಸಹಾಯಕನಿಗೆ ಶಸ್ತ್ರಚಿಕಿತ್ಸೆ ಮಾಡಿದವರೇ ಒಬ್ಬೊಬ್ಬರಾಗಿ ಮಲಗಿದರು. ಅವರ ಶುಶ್ರೂಷೆ ಮಾಡಿದ ಇಟಲಿಯ ಬೆರ್ಗಮೊ ಸಂಸ್ಥೆಯ ಸನ್ಯಾಸಿನಿಯರಲ್ಲಿ ಆರು ಮಂದಿ ತೀರಿಕೊಂಡರು. ಒಟ್ಟು 315 ಜನಕ್ಕೆ ಸೋಂಕು. ಐವರಲ್ಲಿ ನಾಲ್ವರು ಉಳಿಯಲಿಲ್ಲ. ಮಂಗನ ಕಾಯಿಲೆಯ ಸೀಮೆಯಿಂದ ಬಂದ ನನಗೆ ಈ ಕಥೆಯಲ್ಲಿ ಹೊಸತೆನಿಸಿದ್ದು ಸಾವುಗಳಲ್ಲ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗಿನ ಭಯವನ್ನು ನಮ್ಮ ಹಿರಿಯರು ಹೇಳಿದ್ದಾರೆ. ಹೊಸತೆನಿಸಿದ್ದು ಆಮೇಲಿನದು.

ಕಾಂಗೋದ ವೈರಾಣು ತಜ್ಞ ಝಾನ್–ಝಾಕ್ ಮುಯೆಂಬೆ ಆಗ ಕಿಕ್ವಿಟ್‌ಗೆ ಬಂದರು. 1976ರಲ್ಲಿ ಎಬೋಲಾ ಮೊದಲು ಕಾಣಿಸಿದ ಯಂಬುಕುವಿಗೂ ಹೋಗಿ ಬರಿಗೈಯಲ್ಲೇ ರೋಗಿಗಳ ರಕ್ತ ತೆಗೆದಿದ್ದವರು ಅವರು. ಅವರದು ಇದೇ ಹಳೆಯ ಬಂದುಂದು ಪ್ರಾಂತ್ಯ, ರೈತರ ಮನೆ. ಗುಣವಾದವರ ರಕ್ತವನ್ನು ಎಂಟು ರೋಗಿಗಳಿಗೆ ಕೊಟ್ಟರು, ಏಳು ಜನ ಉಳಿದರು. ಹೊರಗಿನ ತಜ್ಞರು ಇದನ್ನು ಬಹಳ ದಿನ ನಂಬಲಿಲ್ಲ: ಎಂಟು ಜನರ ಲೆಕ್ಕ ಲೆಕ್ಕವೇ ಎಂದರು. ಮುಯೆಂಬೆ ಬಿಡಲಿಲ್ಲ. ಕಿಕ್ವಿಟ್‌ನಲ್ಲಿ ಬದುಕುಳಿದ ಒಬ್ಬರ ರಕ್ತವನ್ನು ಹನ್ನೊಂದು ವರ್ಷದ ನಂತರ ಅಮೆರಿಕದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ವೈರಾಣುವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ ಇನ್ನೂ ಇತ್ತು. ಅದನ್ನೇ ಬೆಳೆಸಿ ಮಾಡಿದ ಔಷಧ ಎಬಾಂಗಾ. ಪೂರ್ವ ಕಾಂಗೋದ ಎಬೋಲಾದಲ್ಲಿ ಜೀವ ಉಳಿಸಿ, 2020ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿ ಪಡೆಯಿತು. ಹೊರಗೆ ಹೋದದ್ದು ಔಷಧವಾಗಿ ಮರಳಿತು. ಈ ಪ್ರಾಂತ್ಯದ ಮಟ್ಟಿಗೆ ಇದು ಅಪರೂಪ.

ಅಪರೂಪ ಅಲ್ಲದ್ದನ್ನು ನೋಡಲು ಲುಸಾಂಗಾಕ್ಕೆ ಹೋಗಬೇಕು. ಕ್ವಿಲು ಮತ್ತು ಕ್ವೆಂಗೆ ನದಿಗಳು ಸೇರುವ ಜಾಗ. ಇಂಗ್ಲೆಂಡಿನ ಸೋಪು ದೊರೆ ವಿಲಿಯಂ ಲೀವರ್ 1911ರಲ್ಲಿ, ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ: ಕಾಂಗೋದ ಐದು ಕಡೆ ಅರವತ್ತು ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದು, ಅದರೊಳಗೆ ಏಳೂವರೆ ಲಕ್ಷ ಹೆಕ್ಟೇರ್‌ವರೆಗೆ ಆರಿಸಿಕೊಳ್ಳುವ ಹಕ್ಕು. ಒಂದು ವೃತ್ತದ ನಡುವಿನ ಈ ಊರಿಗೆ ಲೀವರ್‌ವಿಲ್ ಎಂದು ಹೆಸರಿಟ್ಟ. ನಕ್ಷೆಯ ಮೇಲೆ ಕೈವಾರ ಇಟ್ಟು ತಿರುಗಿಸಿದರೆ ಸಾಕು, ಒಳಗಿರುವ ತಾಳೆ ಮರ ಕಂಪನಿಯದು. ಮರಗಳು ಮೊದಲೇ ಇದ್ದವು, ಅವುಗಳಿಂದ ಎಣ್ಣೆ ತೆಗೆಯುವ ಜನರೂ ಇದ್ದರು. ಕಂಪನಿಗೆ ಬೇಕಾದದ್ದು ಗೊನೆ ಕೊಯ್ಯುವ ಕೈ. ಸೊಂಟಕ್ಕೂ ಮರಕ್ಕೂ ಬಳ್ಳಿಯ ಬಳೆ ಸುತ್ತಿಕೊಂಡು ಅಷ್ಟೆತ್ತರ ಏರಿ, ಮುಳ್ಳಿನ ನಡುವೆ ಕೈಹಾಕಿ ಗೊನೆ ಕಡಿಯುವ ಕೆಲಸಕ್ಕೆ ಮನಸ್ಸಿನಿಂದ ಬಂದವರು ಕಡಿಮೆ. ಆದ್ದರಿಂದ ಎಳೆತರಲಾಯಿತು, ಅದರಲ್ಲೂ ದಕ್ಷಿಣದ ಪೆಂಡೆ ಜನರನ್ನು. ಜೂಲ್ ಮಾರ್ಶಾಲ್ ಎಂಬ ಬೆಲ್ಜಿಯಂ ರಾಯಭಾರಿ ನಿವೃತ್ತನಾದ ಮೇಲೆ ತನ್ನದೇ ಸರ್ಕಾರದ ಕಡತಗಳನ್ನು ತಡಕಾಡಿ ಈ ಬಲವಂತದ ದುಡಿಮೆಯ ಪುಸ್ತಕ ಬರೆದ. ಅದೇ ಹೊತ್ತಿಗೆ ಲೀವರ್ ತನ್ನ ದೇಶದಲ್ಲಿ ಕೆಲಸಗಾರರಿಗೆ ಹೂದೋಟದ ಮನೆ, ಚಿತ್ರಶಾಲೆ ಕಟ್ಟಿಸಿ ಉದಾರಿ ಎನಿಸಿಕೊಂಡಿದ್ದ. ಎರಡೂ ನಿಜ.

1930ರ ಹೊತ್ತಿಗೆ ಜಗತ್ತಿನ ಪೇಟೆ ಬಿತ್ತು, ಗೊನೆಯ ಬೆಲೆ ಇಳಿಯಿತು, ತಲೆಗಂದಾಯ ಇಳಿಯಲಿಲ್ಲ. 1931ರ ಜೂನ್‌ನಲ್ಲಿ ಪೆಂಡೆಯವರು ಎದ್ದುನಿಂತರು. ಮ್ಯಾಕ್ಸಿಮಿಲಿಯನ್ ಬಾಲೋ ಎಂಬ ಬೆಲ್ಜಿಯಂ ಅಧಿಕಾರಿ ಸತ್ತ. ಅದಕ್ಕೆ ಪ್ರತಿಯಾಗಿ ಸೈನ್ಯ ಐನೂರಕ್ಕೂ ಹೆಚ್ಚು ಪೆಂಡೆಯವರನ್ನು ಕೊಂದಿತು. ಆಗ ಯಾರೋ ಒಬ್ಬ ಶಿಲ್ಪಿ ಬಾಲೋನ ಒಂದು ಸಣ್ಣ ಮರದ ಬೊಂಬೆ ಕೆತ್ತಿದ. ಅವನ ಆತ್ಮ ಅದರೊಳಗೆ ಅಂಕೆಯಲ್ಲಿ ಕೂತಿರಲಿ ಎಂದು. 1972ರಲ್ಲಿ ಅದನ್ನು ಅಮೆರಿಕದ ವಿದ್ವಾಂಸ ಹರ್ಬರ್ಟ್ ವೈಸ್ ಕೊಂಡುಕೊಂಡರು. ಈಗ ವರ್ಜೀನಿಯಾದ ವಸ್ತುಸಂಗ್ರಹಾಲಯದಲ್ಲಿದೆ.

ಕಂಪನಿ ಲುಸಾಂಗಾ ಬಿಟ್ಟುಹೋಗಿದೆ. ಇಟ್ಟಿಗೆಯ ಕಟ್ಟಡಗಳಿವೆ, ತುಕ್ಕು ಹಿಡಿದ ಯಂತ್ರಗಳಿವೆ, ಸುಸ್ತಾದ ಮಣ್ಣಿದೆ. ಇವುಗಳ ನಡುವೆ, ಹೇಳದೆ ಕೇಳದೆ ಎಂಬಂತೆ, ಒಂದು ಅಪ್ಪಟ ಬಿಳಿಯ ಚೌಕ ಕಟ್ಟಡ: ‘ವೈಟ್ ಕ್ಯೂಬ್’, 2017ರಲ್ಲಿ ತೆರೆದ ಕಲಾ ಗ್ಯಾಲರಿ. ಹಳೆಯ ತೋಟದ ಕೂಲಿಯವರು 2014ರಲ್ಲಿ ಕಟ್ಟಿಕೊಂಡ ಕಲಾವಿದರ ಸಂಘ ಡಚ್ ಕಲಾವಿದ ರೆಂಜೊ ಮಾರ್ಟೆನ್ಸ್ ಜೊತೆ ಸೇರಿ ನಡೆಸುತ್ತಿರುವುದು. ಹೊಳೆಯ ಜೇಡಿಯಲ್ಲಿ ಮೂರ್ತಿ ಮಾಡುತ್ತಾರೆ, ಅದರ ಅಳತೆ ಕಂಪ್ಯೂಟರಿನಲ್ಲಿ ಆಮ್‌ಸ್ಟರ್‌ಡಾಮ್‌ಗೆ ಹೋಗುತ್ತದೆ, ಅಲ್ಲಿ ಚಾಕೊಲೇಟಿನಲ್ಲಿ ಎರಕವಾಗಿ ನ್ಯೂಯಾರ್ಕಿನವರೆಗೆ ಪ್ರದರ್ಶನಕ್ಕೆ ಹೋಗುತ್ತದೆ. ಬಂದ ಹಣದಲ್ಲಿ ಹಳೆಯ ತೋಟದ ನೆಲ ಕೊಂಡು ಕಾಡುಮರಗಳ ನಡುವೆ ಕೋಕೊ ನೆಡುತ್ತಿದ್ದಾರೆ. ಚಾಕೊಲೇಟಿನ ಮೂರ್ತಿ ಎಂದು ಓದಿದಾಗ ನನಗೆ ಇದು ಯೂರೋಪಿನ ಕಲಾಲೋಕದ ಇನ್ನೊಂದು ಚಪಲ ಅನ್ನಿಸಿತ್ತು. ಬಿಳಿ ಕಟ್ಟಡದ ಬಗ್ಗೆ ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಅದರ ಹಿಂದಿನ ಕೋಕೊ ಸಸಿಗಳನ್ನು ಚಪಲ ಎನ್ನಲು ಬಾಯಿ ಬರಲಿಲ್ಲ.

2022ರಲ್ಲಿ ಈ ಸಂಘದವರು ಬಾಲೋನ ಬೊಂಬೆಯ ಚಿತ್ರವನ್ನು ವಸ್ತುಸಂಗ್ರಹಾಲಯದ ಜಾಲತಾಣದಿಂದಲೇ ಎತ್ತಿಕೊಂಡು ಎನ್‌ಎಫ್‌ಟಿ, ಎಂದರೆ ಕೊಂಡು ಮಾರಬಹುದಾದ ಡಿಜಿಟಲ್ ಒಡೆತನದ ಚೀಟಿ, ಮಾಡಿ ಮಾರಾಟಕ್ಕಿಟ್ಟರು. ಬೊಂಬೆ ಕೊಡದಿದ್ದರೆ ಅದರ ನೆರಳಿನಿಂದ ನೆಲ ಕೊಳ್ಳುತ್ತೇವೆ ಎಂಬ ಧಾಟಿ. ವಸ್ತುಸಂಗ್ರಹಾಲಯ ಕೆರಳಿತು. ಆದರೂ 2024ರಲ್ಲಿ, ಈ ಕಲಾವಿದರೇ ವೆನಿಸ್ ಬಿನಾಲೆಯಲ್ಲಿ ನೆದರ್ಲೆಂಡ್ಸ್ ಮಂಟಪದ ಹೊಣೆ ಹೊತ್ತಾಗ, ಬಾಲೋನನ್ನು ಕೆಲವು ತಿಂಗಳ ಎರವಲಾಗಿ ಲುಸಾಂಗಾಕ್ಕೆ ಕಳಿಸಿಕೊಟ್ಟಿತು. ತಮ್ಮ ಸೆರೆಯಾಳನ್ನು ತಾವೇ ಎರವಲು ಪಡೆದು, ಗಡುವಿಗೆ ಸರಿಯಾಗಿ ವಾಪಸು ಮಾಡುವ ಕರ್ಮ.

ದಕ್ಷಿಣಕ್ಕೆ ಗುಂಗು, ಪೆಂಡೆಯವರ ಸೀಮೆ. ಕಿಕ್ವಿಟ್ ಬಿಟ್ಟರೆ ಮರಳಿನ ದಾರಿ, ಲಾರಿಗಳು ಹೂತುಕೊಂಡು ದಿನಗಟ್ಟಲೆ ನಿಲ್ಲುತ್ತವೆ. ನಂಬಿಕೆಯ ವಾಹನ ಮೋಟಾರ್ ಬೈಕ್. ನನ್ನನ್ನು ಹೊತ್ತದ್ದು ಟಿವಿಎಸ್. ಮೈಸೂರಿನಲ್ಲೂ ಇದರ ಕಾರ್ಖಾನೆ ಇದೆ ಎಂದು ಸವಾರ ಹುಡುಗನಿಗೆ ಹೇಳಿದ್ದೇ ತಪ್ಪಾಯಿತು. ದಾರಿಯುದ್ದಕ್ಕೂ ಅದರ ಚೈನಿನ ದೂರುಗಳನ್ನೆಲ್ಲ ನನಗೆ ಒಪ್ಪಿಸಿದ.

ಪೆಂಡೆಯವರು ತಾವು ಅಂಗೋಲಾದ ಕಡಲತೀರದಿಂದ ಪೋರ್ಚುಗೀಸರ ಕಾಟಕ್ಕೆ ಇತ್ತ ಬಂದವರು ಎನ್ನುತ್ತಾರೆ. ಇಲ್ಲಿಯ ಬಹುಪಾಲು ಜನರಂತೆ ಅವರದೂ ಅಳಿಯಸಂತಾನ: ಮಗುವಿನ ಕುಲ ತಾಯಿಯದು, ಮಾತು ನಡೆಯುವುದು ಸೋದರಮಾವನದು. ಅವರ ಮುಖವಾಡಗಳು ಯೂರೋಪಿನ ವಸ್ತುಸಂಗ್ರಹಾಲಯಗಳ ತುಂಬ ಇವೆ. ಅವುಗಳಲ್ಲಿ ಎಂಬಾಂಗು ಎಂಬುದು ಅರ್ಧ ಕಪ್ಪು, ಅರ್ಧ ಬಿಳಿ, ಬಾಯಿ ಸೊಟ್ಟ. ಮಾಟಕ್ಕೆ, ರೋಗಕ್ಕೆ ಸಿಕ್ಕವನ ಮುಖ. ಗಾಜಿನ ಹಿಂದೆ ನೋಡಿದವರಿಗೆ ಇವೆಲ್ಲ ಅನಾದಿ ಕಾಲದವು ಅನ್ನಿಸುತ್ತದೆ. ಇಲ್ಲಿ ಹಾಗಲ್ಲ. ಕುಣಿಯುವ ಹುಡುಗನಿಗೆ ಹೊಸದೊಂದು ಪಾತ್ರ ಹೊಳೆದರೆ ಹೊಸ ಹೆಜ್ಜೆ, ಹೊಸ ಹಾಡು, ಅದಕ್ಕೆ ತಕ್ಕ ಹೊಸ ಮುಖ. ಜನಕ್ಕೆ ಹಿಡಿಸಿದರೆ ಪಕ್ಕದೂರಿನವರು ಕದಿಯುತ್ತಾರೆ, ಹಿಡಿಸದಿದ್ದರೆ ಆ ವರ್ಷಕ್ಕೇ ಮುಗಿಯಿತು.

1964ರಲ್ಲಿ ಪಿಯೆರ್ ಮುಲೆಲೆ ಈ ಸೀಮೆಯ ಪೆಂಡೆ, ಎಂಬುಂಡಾ ಹುಡುಗರನ್ನು ಕಟ್ಟಿಕೊಂಡು ದಂಗೆ ಎದ್ದ. ಸ್ವತಂತ್ರ ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಸರ್ಕಾರದಲ್ಲಿ ಶಿಕ್ಷಣ ಸಚಿವನಾಗಿದ್ದವನು, ಚೀನಾದಲ್ಲಿ ಯುದ್ಧ ಕಲಿತವನು. ಕ್ಷಮೆ ಕೊಟ್ಟೆವೆಂದು ನಂಬಿಸಿ ಕರೆಸಿಕೊಂಡ ಸರ್ವಾಧಿಕಾರಿ ಮೊಬುಟುವಿನ ಸರ್ಕಾರ 1968ರಲ್ಲಿ ಕೊಂದಿತು. ಇದೇ ಕಡೆಯ ರಾಜಕಾರಣಿ ಆಂಟೊನ್ ಗಿಜೆಂಗಾ ಮಾತ್ರ ಎಲ್ಲರಿಗಿಂತ ಹೆಚ್ಚು ಬಾಳಿ, ಎಂಬತ್ತು ದಾಟಿದ ಮೇಲೆ ಪ್ರಧಾನಿಯಾದ. ಹೊಲದ ಬದುವಿನಲ್ಲಿ ಮುಲೆಲೆಯ ವಿಷಯ ಎತ್ತಿದರೆ ಹಿರಿಯರು ಸಿಗರೇಟು ಹಚ್ಚಿಕೊಳ್ಳುತ್ತಾರೆ, ಮಾತಾಡುವುದಿಲ್ಲ.

ಕಾಕೊಬೊಲಾದ ವಿಷಯಕ್ಕಾದರೆ ಎಲ್ಲರೂ ಮಾತಾಡುತ್ತಿದ್ದರು. ಗುಂಗು ಹತ್ತಿರದ ಜಲವಿದ್ಯುತ್ ಯೋಜನೆ, ಸುಮಾರು ಹತ್ತು ಮೆಗಾವಾಟ್. ಹಣ ಭಾರತದ ಎಕ್ಸಿಮ್ ಬ್ಯಾಂಕಿನ ಸಾಲ. ಕಿಕ್ವಿಟ್, ಗುಂಗು, ಇಡಿಯೊಫಾಗಳಿಗೆ ದೀಪ ಕೊಡುವ ಮಾತು ಆಗಲೇ ಎಷ್ಟೋ ವರ್ಷದ್ದಾಗಿತ್ತು. ನಾನು ಭಾರತದವನು ಎಂದು ತಿಳಿದದ್ದೇ ತಡ, ಪ್ರತಿ ಅಂಗಡಿ ಜಗಲಿಯಲ್ಲೂ ಒಂದೇ ಪ್ರಶ್ನೆ: ‘ಕರೆಂಟು ಯಾವಾಗ?’ ಸಾಲ ಕೊಟ್ಟ ದೇಶದವನೆಂಬ ಬಿಗುಮಾನ ಒಂದು ದಿನವೂ ಉಳಿಯಲಿಲ್ಲ.

ವಾಪಸು ಬರುವಾಗ ಬೈಕಿನ ಹುಡುಗ ಕೇಳಿದ, ‘ನಿಮ್ಮೂರಲ್ಲಿ ಈ ಗಾಡಿಗೆ ಎಷ್ಟು, ಪಾಪಾ?’ ಅಂಥದ್ದಕ್ಕೆ ಇರುವ ಬೆಲೆ ಹೇಳಿ ಡಾಲರಿಗೆ ತಿರುಗಿಸಿದೆ. ಅವನು ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಹಡಗು, ಬಂದರು, ಕಿನ್ಶಾಸಾದ ವ್ಯಾಪಾರಿ, ಐನೂರು ಕಿಲೋಮೀಟರ್ ರಸ್ತೆ, ನಡುವಿನ ತಪಾಸಣೆಯ ಹಗ್ಗಗಳು, ಒಂದೊಂದಕ್ಕೂ ಬೆರಳು ಮಡಚಿದ. ಒಂದು ಕೈ ಮುಗಿದು ಇನ್ನೊಂದಕ್ಕೆ ಬಂತು. ಆಮೇಲೆ ಮೊಬೈಲು ಜೇಬಿಗಿಟ್ಟು, ಬೆಳಗ್ಗೆ ಮಾತಾಡಿದ ಬಾಡಿಗೆ ಸಾಲದು, ಇದಿಷ್ಟನ್ನೂ ನಾನೊಬ್ಬನೇ ಕಟ್ಟಿದ್ದೇನೆ, ಇನ್ನು ಸ್ವಲ್ಪ ಸೇರಿಸಿ ಎಂದ. ಚೌಕಾಸಿಗೆ ಇಳಿದೆವು.